ಪಂಕ್ತಿಯಲ್ಲಿ ಎಲೆ ಹಾಕಿದ್ದೇವೆ, ಕಾಯಕದಲ್ಲಿ ಪಾಲು ಕೊಟ್ಟಿದ್ದೇವೆಯೇ?



ಮೈಸೂರು ನಗರದ ಭಕ್ತ ಕುಟುಂಬಗಳಲ್ಲಿ ಒಂದು ಒಳ್ಳೆಯ ರೂಢಿ ಬೆಳೆದುಬಂದಿದೆ. ಮನೆಯಲ್ಲಿ ಮಗುವಿನ ಹುಟ್ಟುಹಬ್ಬ, ಹಿರಿಯರ ಪುಣ್ಯಸ್ಮರಣೆ ಅಥವಾ ಬಸವ ಜಯಂತಿ ಬಂದರೆ ಅಂಧ ಮಕ್ಕಳ ಶಾಲೆಗೋ ಕಿವುಡ ಮಕ್ಕಳ ವಸತಿನಿಲಯಕ್ಕೋ ಹೋಗಿ ಸಿಹಿಯೂಟ ಬಡಿಸಿ ಬರುತ್ತೇವೆ. ಮಕ್ಕಳೊಡನೆ ಪಂಕ್ತಿಯಲ್ಲಿ ಕುಳಿತು ಉಣ್ಣುತ್ತೇವೆ. ಈ ರೂಢಿಯ ಹಿಂದಿರುವ ಅಂತಃಕರಣ ದೊಡ್ಡದು. ಅದನ್ನು ಯಾರೂ ಹಗುರವಾಗಿ ಕಾಣಲಾಗದು.

ಆದರೆ ಅದೇ ಮಕ್ಕಳು ಬೆಳೆದು ಇಪ್ಪತ್ತೆರಡರ ಪ್ರಾಯಕ್ಕೆ ಬಂದು, ಕೈಯಲ್ಲಿ ಡಿಪ್ಲೊಮಾ ಪ್ರಮಾಣಪತ್ರ ಹಿಡಿದು ನಮ್ಮ ಅಂಗಡಿಯ, ಕಾರ್ಖಾನೆಯ, ಕಚೇರಿಯ, ಶಾಲೆಯ ಬಾಗಿಲಿಗೆ ಬಂದಾಗ ನಾವು ಏನೆನ್ನುತ್ತೇವೆ? "ಸದ್ಯಕ್ಕೆ ಜಾಗ ಖಾಲಿ ಇಲ್ಲ", "ನಿಮ್ಮಿಂದ ಈ ಕೆಲಸ ಆಗುವುದು ಕಷ್ಟವಲ್ಲವೇ?" ಎಂಬ ಮಾತುಗಳು ನಮ್ಮ ಬಾಯಿಂದ ಎಷ್ಟು ಸಲೀಸಾಗಿ ಹೊರಡುತ್ತವೆ! ಊಟ ಬಡಿಸಿದ ಕೈಯೇ ಅರ್ಜಿಯನ್ನು ಹಿಂದಿರುಗಿಸುತ್ತದೆ. ಈ ವಿರೋಧಾಭಾಸವನ್ನು ಕುರಿತು ನಾವು ಆತ್ಮಾವಲೋಕನ ಮಾಡಿಕೊಳ್ಳಬೇಕೆಂಬುದೇ ಈ ಲೇಖನದ ಉದ್ದೇಶ.

ಕಾಯಕವಿಲ್ಲದೆ ದಾಸೋಹವಿಲ್ಲ

ಹನ್ನೆರಡನೆಯ ಶತಮಾನದ ಶರಣರು ಕಾಯಕವನ್ನು ಹೊಟ್ಟೆಪಾಡಿನ ದುಡಿಮೆಯೆಂದಷ್ಟೇ ಕಾಣಲಿಲ್ಲ. ಹಗ್ಗ ಹೊಸೆದ ನುಲಿಯ ಚಂದಯ್ಯ, ಬಟ್ಟೆ ಮಡಿ ಮಾಡಿದ ಮಡಿವಾಳ ಮಾಚಿದೇವ, ದೋಣಿ ನಡೆಸಿದ ಅಂಬಿಗರ ಚೌಡಯ್ಯ, ಅಂಗಳ ಗುಡಿಸಿದ ಸತ್ಯಕ್ಕ ಇವರೆಲ್ಲರೂ ಅನುಭವ ಮಂಟಪದಲ್ಲಿ ಸಮಾನರಾಗಿ ಕುಳಿತದ್ದು ತಮ್ಮ ತಮ್ಮ ಕಾಯಕದ ಬಲದಿಂದ. ಯಾವ ಕಾಯಕವೂ ಮೇಲಲ್ಲ, ಯಾವುದೂ ಕೀಳಲ್ಲ. ಆದರೆ ಕಾಯಕವಿಲ್ಲದ ಬದುಕು ಮಾತ್ರ ಅಪೂರ್ಣ ಎಂಬುದು ಅವರ ನಿಲುವು.

ಆಯ್ದಕ್ಕಿ ಮಾರಯ್ಯ ಮತ್ತು ಲಕ್ಕಮ್ಮ ದಂಪತಿಗಳ ಪ್ರಸಂಗ ನಮಗೆಲ್ಲ ಪರಿಚಿತ. ಮಹಾಮನೆಯ ಅಂಗಳದಲ್ಲಿ ಬಿದ್ದ ಅಕ್ಕಿಯನ್ನು ಆಯ್ದು ತಂದು ಜಂಗಮ ದಾಸೋಹ ನಡೆಸುತ್ತಿದ್ದ ಬಡ ದಂಪತಿಗಳು ಅವರು. ಒಂದು ದಿನ ಮಾರಯ್ಯ ಅಗತ್ಯಕ್ಕಿಂತ ಹೆಚ್ಚು ಅಕ್ಕಿ ತಂದಾಗ ಲಕ್ಕಮ್ಮ ಅದನ್ನು ಮರಳಿಸಿ ಬರುವಂತೆ ಕಳುಹಿಸುತ್ತಾಳೆ. ಈ ಪ್ರಸಂಗವನ್ನು ಅಲೋಭದ ಪಾಠವಾಗಿ ನಾವು ಓದುತ್ತೇವೆ. ಅದರಲ್ಲಿ ಇನ್ನೊಂದು ಪಾಠವೂ ಅಡಗಿದೆ. ಅಷ್ಟು ಬಡವರಾದ ಅವರೂ ನೀಡುವವರಾಗಿದ್ದರು. ತಮ್ಮ ಕಾಯಕದಿಂದ ಬಂದದ್ದರಲ್ಲಿ ಇತರರಿಗೆ ಉಣಿಸುವ ಘನತೆ ಅವರಿಗಿತ್ತು.

ವಿಶೇಷಚೇತನರನ್ನು ನಾವು ಸದಾ ದಾಸೋಹ ಸ್ವೀಕರಿಸುವವರ ಸಾಲಿನಲ್ಲಿಯೇ ಕೂರಿಸಿದರೆ, ದಾಸೋಹ ಮಾಡುವ ಅವಕಾಶವನ್ನು ಅವರಿಂದ ಕಸಿದಂತೆ. ಉದ್ಯೋಗ ಕೊಡದಿದ್ದರೆ ನಾವು ನಿರಾಕರಿಸುವುದು ತಿಂಗಳ ಸಂಬಳವನ್ನಷ್ಟೇ ಅಲ್ಲ. ತಾಯಿಗೆ ಔಷಧಿ ಕೊಡಿಸುವ, ತಂಗಿಯ ಓದಿಗೆ ನೆರವಾಗುವ, ಜಾತ್ರೆಯಲ್ಲಿ ತನ್ನ ದುಡಿಮೆಯ ಹಣದಿಂದ ಒಂದು ಮೂಟೆ ಅಕ್ಕಿ ಒಪ್ಪಿಸುವ ಸಂತೋಷವನ್ನೂ ನಿರಾಕರಿಸುತ್ತೇವೆ. ಆದ್ದರಿಂದ ಇದನ್ನು ಕರುಣೆಯ ವಿಷಯವೆನ್ನುವುದಕ್ಕಿಂತ ತತ್ತ್ವನಿಷ್ಠೆಯ ವಿಷಯವೆಂದು ತಿಳಿಯಬೇಕು.

ಗದಗಿನ ಬೆಳಕು

ನಮ್ಮ ನಾಡಿನ ಮಠ ಪರಂಪರೆಗೆ ಈ ವಿಚಾರ ಹೊಸದಲ್ಲ. ಹಾನಗಲ್ಲ ಕುಮಾರ ಶಿವಯೋಗಿಗಳು ಹುಟ್ಟುಕುರುಡನಾದ ಒಬ್ಬ ಬಾಲಕನಲ್ಲಿದ್ದ ಕಂಠಸಿರಿಯನ್ನು ಗುರುತಿಸಿ ಸಂಗೀತ ಶಿಕ್ಷಣ ಕೊಡಿಸಿದರು. ಆ ಬಾಲಕನೇ ಮುಂದೆ ಗಾನಯೋಗಿ ಪಂಚಾಕ್ಷರ ಗವಾಯಿಗಳಾದರು (1892–1944). ಎಳವೆಯಲ್ಲಿಯೇ ದೃಷ್ಟಿ ಕಳೆದುಕೊಂಡಿದ್ದ ಪುಟ್ಟರಾಜ ಗವಾಯಿಗಳು (1914–2010) ಅವರ ಶಿಷ್ಯರಾಗಿ ಗದಗಿನ ವೀರೇಶ್ವರ ಪುಣ್ಯಾಶ್ರಮವನ್ನು ದಶಕಗಳ ಕಾಲ ಮುನ್ನಡೆಸಿದರು. 2010ರಲ್ಲಿ ಅವರಿಗೆ ಪದ್ಮಭೂಷಣ ಗೌರವ ಸಂದಿತು.

ಪುಣ್ಯಾಶ್ರಮ ಅಂಧರಿಗೆ ಅನ್ನ ಮತ್ತು ಆಸರೆ ನೀಡಿತು. ಅಷ್ಟಕ್ಕೇ ನಿಲ್ಲದೆ ವಿದ್ಯೆಯನ್ನೂ, ವಿದ್ಯೆಯ ಮೂಲಕ ಬದುಕುವ ದಾರಿಯನ್ನೂ ನೀಡಿತು. ಹಾಡುಗಾರಿಕೆ, ಹಾರ್ಮೋನಿಯಂ, ತಬಲಾ, ಪಿಟೀಲು, ಕೀರ್ತನ ಕಲಿತ ಶಿಷ್ಯರು ಊರೂರುಗಳಲ್ಲಿ ಸಂಗೀತ ಶಿಕ್ಷಕರಾಗಿ, ಕಲಾವಿದರಾಗಿ, ಪ್ರವಚನಕಾರರಿಗೆ ಸಾಥಿದಾರರಾಗಿ ನೆಲೆ ಕಂಡರು. ನಾಟಕ ಕಂಪನಿ ನಡೆಸಿ ಅದರ ದುಡಿಮೆಯಿಂದ ಆಶ್ರಮದ ಖರ್ಚು ಸರಿದೂಗಿಸಿದ್ದೂ ಉಂಟು. ಕಣ್ಣಿಲ್ಲದವರು ಕಣ್ಣಿದ್ದವರಿಗೂ ಗುರುಗಳಾದರು. ಪುಣ್ಯಾಶ್ರಮದ ಪಾಠ ಸ್ಪಷ್ಟವಾಗಿದೆ: ಕೊರತೆಯನ್ನು ಎಣಿಸುವ ಮೊದಲು ಸಾಮರ್ಥ್ಯವನ್ನು ಹುಡುಕಬೇಕು, ಸಾಮರ್ಥ್ಯ ಕಂಡಮೇಲೆ ಅದಕ್ಕೆ ತಕ್ಕ ಕಾಯಕವನ್ನು ಒದಗಿಸಬೇಕು.

ಮೈಸೂರಿನಲ್ಲಿ ವಿದ್ಯೆಗೆ ಕೊರತೆಯಿಲ್ಲ

ವಿಶೇಷಚೇತನರ ಶಿಕ್ಷಣದ ದೃಷ್ಟಿಯಿಂದ ಮೈಸೂರು ಭಾಗ್ಯಶಾಲಿ ನಗರ. ಅಂಧ ಮತ್ತು ಕಿವುಡ ಮಕ್ಕಳಿಗಾಗಿ ಇಲ್ಲಿ ಶಾಲೆ ಆರಂಭವಾದದ್ದು 1901ರಷ್ಟು ಹಿಂದೆ. 1965ರಲ್ಲಿ ಸ್ಥಾಪನೆಯಾದ ಅಖಿಲ ಭಾರತ ವಾಕ್ ಶ್ರವಣ ಸಂಸ್ಥೆಯು ಮಾನಸಗಂಗೋತ್ರಿಯ ಪರಿಸರದಲ್ಲಿ ದೇಶಕ್ಕೇ ಮಾದರಿಯಾಗಿ ಬೆಳೆದಿದೆ. ದೃಷ್ಟಿದೋಷವುಳ್ಳ ಹೆಣ್ಣುಮಕ್ಕಳಿಗಾಗಿ ರಂಗರಾವ್ ಸ್ಮಾರಕ ವಸತಿಶಾಲೆ 1988ರಿಂದ ನಡೆದುಬಂದಿದೆ.

ಸುತ್ತೂರು ಶ್ರೀಮಠದ ಆಶ್ರಯದ ಜೆಎಸ್‌ಎಸ್ ಮಹಾವಿದ್ಯಾಪೀಠವು 1991ರಲ್ಲಿ ವಿಶೇಷಚೇತನರಿಗಾಗಿಯೇ ಪಾಲಿಟೆಕ್ನಿಕ್ ಆರಂಭಿಸಿತು. ಕಂಪ್ಯೂಟರ್, ಎಲೆಕ್ಟ್ರಾನಿಕ್ಸ್, ವಾಣಿಜ್ಯ ಅಭ್ಯಾಸ, ಆಭರಣ ವಿನ್ಯಾಸ ಮೊದಲಾದ ವಿಷಯಗಳಲ್ಲಿ ಅಲ್ಲಿ ಡಿಪ್ಲೊಮಾ ಶಿಕ್ಷಣ ದೊರೆಯುತ್ತದೆ. ಶ್ರವಣದೋಷವುಳ್ಳ ವಿದ್ಯಾರ್ಥಿಗಳಿಗೆ ಸಂಜ್ಞಾಭಾಷೆಯ ನೆರವೂ ಉಂಟು. ಮೊದಲು ಆ ಸಂಸ್ಥೆಯ ಹೆಸರಿನಲ್ಲಿ 'ಅಂಗವಿಕಲ' ಎಂಬರ್ಥದ ಮಾತಿತ್ತು. ಇಂದು 'ವಿಶೇಷಚೇತನ' ಎಂಬರ್ಥದ ಮಾತು ಬಂದಿದೆ. ಹೆಸರು ಬದಲಾದದ್ದು ಸರಿಯೇ. ಆದರೆ ಹೆಸರಿನ ಹಿಂದೆಯೇ ಸಮಾಜದ ನಡೆಯೂ ಬದಲಾಗಬೇಕಲ್ಲವೇ?

ಬಿತ್ತನೆ ಚೆನ್ನಾಗಿ ಆಗಿದೆ, ಪೈರೂ ಬಂದಿದೆ. ಒಕ್ಕುವ ಕಣ ಮಾತ್ರ ಸಿದ್ಧವಿಲ್ಲ ಎಂಬಂತಾಗಿದೆ ನಮ್ಮ ಸ್ಥಿತಿ. 2011ರ ಜನಗಣತಿಯ ಪ್ರಕಾರ ದೇಶದಲ್ಲಿ ಸುಮಾರು 2.68 ಕೋಟಿ, ಕರ್ನಾಟಕದಲ್ಲಿ 13.24 ಲಕ್ಷ ವಿಶೇಷಚೇತನರಿದ್ದರು. ದೇಶದ ಮಟ್ಟದಲ್ಲಿ ಅವರಲ್ಲಿ ಯಾವುದಾದರೂ ದುಡಿಮೆಯಲ್ಲಿ ತೊಡಗಿದ್ದವರು ಶೇ. 36ರಷ್ಟು ಮಾತ್ರ. ಪುರುಷರಲ್ಲಿ ಶೇ. 47, ಮಹಿಳೆಯರಲ್ಲಿ ಶೇ. 23. ವಿಶೇಷಚೇತನ ಹೆಣ್ಣುಮಗಳು ಎರಡು ಬಾಗಿಲುಗಳಲ್ಲಿ ತಡೆಯಲ್ಪಡುತ್ತಾಳೆ ಎಂಬುದನ್ನು ಈ ಅಂಕಿಗಳೇ ಹೇಳುತ್ತವೆ.

ಕಾನೂನು ವಿಧಿಸಿರುವ ಕರ್ತವ್ಯ

ವಿಕಲಚೇತನ ವ್ಯಕ್ತಿಗಳ ಹಕ್ಕುಗಳ ಅಧಿನಿಯಮ 2016ರಲ್ಲಿ ಅಂಗೀಕಾರವಾಗಿ 2017ರ ಏಪ್ರಿಲ್ 19ರಂದು ಜಾರಿಗೆ ಬಂದಿತು. ವಿಶ್ವಸಂಸ್ಥೆಯ ಒಡಂಬಡಿಕೆಯನ್ನು ಭಾರತವು 2007ರಲ್ಲಿ ಅನುಮೋದಿಸಿದುದರ ಫಲ ಇದು. 1995ರ ಹಿಂದಿನ ಕಾನೂನಿಗೆ ಹೋಲಿಸಿದರೆ ಇದರ ವ್ಯಾಪ್ತಿ ದೊಡ್ಡದು. 21 ಬಗೆಯ ವೈಕಲ್ಯಗಳನ್ನು ಇದು ಗುರುತಿಸುತ್ತದೆ. ಸಂಸ್ಥೆ ನಡೆಸುವವರು ತಿಳಿದಿರಬೇಕಾದ ಮುಖ್ಯಾಂಶಗಳನ್ನು ಸರಳವಾಗಿ ಹೇಳುವುದಾದರೆ ಹೀಗೆ:

ಮೊದಲನೆಯದಾಗಿ, ಸರ್ಕಾರಿ ಸಂಸ್ಥೆಗಳಲ್ಲಿ ಶೇ. 40 ಅಥವಾ ಅದಕ್ಕಿಂತ ಹೆಚ್ಚಿನ ವೈಕಲ್ಯವುಳ್ಳವರಿಗೆ ಕನಿಷ್ಠ ಶೇ. 4ರಷ್ಟು ಹುದ್ದೆಗಳನ್ನು ಮೀಸಲಿಡಬೇಕು. ಹಿಂದೆ ಇದು ಶೇ. 3 ಇತ್ತು. ಇಲ್ಲೊಂದು ಸೂಕ್ಷ್ಮವನ್ನು ನಮ್ಮ ಆಡಳಿತ ಮಂಡಳಿಗಳು ಗಮನಿಸಬೇಕು. ಸರ್ಕಾರದ ಅನುದಾನ ಪಡೆಯುವ ಸಂಸ್ಥೆಗಳೂ ಈ ಕಾನೂನಿನ 'ಸರ್ಕಾರಿ ಸಂಸ್ಥೆ' ಎಂಬ ವ್ಯಾಖ್ಯೆಯೊಳಗೆ ಬರುತ್ತವೆ. ನಾಡಿನ ಮಠಗಳು ನಡೆಸುವ ಶಾಲಾ ಕಾಲೇಜುಗಳಲ್ಲಿ ಅನುದಾನಿತವಾದವು ಹಲವು. "ಮೀಸಲಾತಿ ಸರ್ಕಾರದ ವಿಷಯ, ನಮ್ಮದಲ್ಲ" ಎಂದು ಅಂತಹ ಸಂಸ್ಥೆಗಳು ಸುಮ್ಮನಿರಲಾಗದು.

ಎರಡನೆಯದಾಗಿ, ಪ್ರತಿಯೊಂದು ಸಂಸ್ಥೆಯೂ, ಖಾಸಗಿಯಾಗಿದ್ದರೂ ಸಹ, ಸಮಾನ ಅವಕಾಶ ನೀತಿಯೊಂದನ್ನು ಪ್ರಕಟಿಸಬೇಕು. 20 ಅಥವಾ ಅದಕ್ಕಿಂತ ಹೆಚ್ಚು ನೌಕರರಿರುವ ಖಾಸಗಿ ಸಂಸ್ಥೆಗಳ ನೀತಿಯಲ್ಲಿ ವಿಶೇಷಚೇತನರಿಗೆ ಸೂಕ್ತವಾದ ಹುದ್ದೆಗಳ ಪಟ್ಟಿ, ಆಯ್ಕೆಯ ವಿಧಾನ, ತರಬೇತಿ, ಬಡ್ತಿ, ಸಹಾಯಕ ಸಾಧನಗಳು, ಈ ವಿಷಯಗಳನ್ನು ನೋಡಿಕೊಳ್ಳುವ ಒಬ್ಬ ಸಂಪರ್ಕಾಧಿಕಾರಿ ಇವೆಲ್ಲವೂ ಇರಬೇಕು. ನಂಜನಗೂಡಿನಿಂದ ಹೆಬ್ಬಾಳದವರೆಗಿನ ಕೈಗಾರಿಕಾ ಪ್ರದೇಶಗಳಲ್ಲಿ ಉದ್ದಿಮೆ ನಡೆಸುವ ನಮ್ಮ ಎಷ್ಟು ಮಂದಿ ಭಕ್ತರು ಈ ನೀತಿಯನ್ನು ಬರೆದಿಟ್ಟಿದ್ದೇವೆ ಎಂದು ನಮ್ಮನ್ನು ನಾವೇ ಕೇಳಿಕೊಳ್ಳೋಣ.

ಮೂರನೆಯದಾಗಿ, ಸೇವೆಯಲ್ಲಿರುವಾಗ ವೈಕಲ್ಯಕ್ಕೆ ಒಳಗಾದ ನೌಕರರನ್ನು ಸರ್ಕಾರಿ ಸಂಸ್ಥೆಗಳು ಕೆಲಸದಿಂದ ತೆಗೆಯುವಂತಿಲ್ಲ, ಹುದ್ದೆಯಲ್ಲಿ ಇಳಿಸುವಂತಿಲ್ಲ. ಹಿಂದಿನ ಕೆಲಸ ಮಾಡಲಾಗದಿದ್ದರೆ ಅದೇ ವೇತನ ಶ್ರೇಣಿಯ ಬೇರೆ ಹುದ್ದೆಗೆ ವರ್ಗಾಯಿಸಬೇಕು. ಹುದ್ದೆ ಇಲ್ಲದಿದ್ದರೆ ಹೆಚ್ಚುವರಿ ಹುದ್ದೆಯಲ್ಲಿ ಇರಿಸಿಕೊಳ್ಳಬೇಕು. 1995ರ ಕಾನೂನಿನಲ್ಲಿಯೂ ಇದೇ ಆಶಯವಿತ್ತು. ಕಾಲು ಕಳೆದುಕೊಂಡ ಪೇದೆಯೊಬ್ಬರ ಪ್ರಕರಣದಲ್ಲಿ ಸುಪ್ರೀಂ ಕೋರ್ಟ್ 2003ರಲ್ಲಿ ಅದನ್ನು ಎತ್ತಿಹಿಡಿದಿದೆ.

ನಾಲ್ಕನೆಯದಾಗಿ, 'ಸಮಂಜಸ ಹೊಂದಾಣಿಕೆ' ಎಂಬ ತತ್ತ್ವ. ಸಂಸ್ಥೆಗೆ ಹೊರಲಾರದ ಹೊರೆಯಾಗದಂತೆ, ವಿಶೇಷಚೇತನ ವ್ಯಕ್ತಿ ಇತರರೊಡನೆ ಸಮಾನವಾಗಿ ಕೆಲಸ ಮಾಡಲು ಬೇಕಾದ ಮಾರ್ಪಾಡು ಮಾಡಿಕೊಡುವುದೇ ಇದರ ಅರ್ಥ. 2021ರ ವಿಕಾಸ್ ಕುಮಾರ್ ಪ್ರಕರಣದಲ್ಲಿ ಸುಪ್ರೀಂ ಕೋರ್ಟ್ ಈ ತತ್ತ್ವವನ್ನು ಸಮಾನತೆಯ ಹಕ್ಕಿನ ಭಾಗವೆಂದೇ ವಿವರಿಸಿತು. ಹೊಂದಾಣಿಕೆ ಮಾಡಿಕೊಡದಿರುವುದೂ ತಾರತಮ್ಯವೇ ಎಂಬುದು ಇದರ ಸಾರ.

ಆಯ್ಕೆಯ ಹಂತ: ಕೆಲಸವನ್ನು ಬಿಡಿಸಿ ನೋಡುವುದು

"ನಮ್ಮಲ್ಲಿ ಅವರಿಗೆ ತಕ್ಕ ಕೆಲಸವಿಲ್ಲ" ಎನ್ನುವವರು ಕೆಲಸವನ್ನು ಬಿಡಿಸಿ ನೋಡಿರುವುದು ಕಡಿಮೆ. ನೂರು ವರ್ಷಗಳ ಹಿಂದೆಯೇ ಅಮೆರಿಕದ ಕಾರು ತಯಾರಕ ಹೆನ್ರಿ ಫೋರ್ಡ್ ತನ್ನ ಕಾರ್ಖಾನೆಯ ಪ್ರತಿಯೊಂದು ಕೆಲಸವನ್ನೂ ಪರಿಶೀಲಿಸಿ ಪಟ್ಟಿ ಮಾಡಿಸಿದ್ದ. 1922ರ ತನ್ನ ಆತ್ಮಕಥನದಲ್ಲಿ ಅವನು ನೀಡಿರುವ ಲೆಕ್ಕದಂತೆ ಅಲ್ಲಿದ್ದ 7,882 ಬಗೆಯ ಕೆಲಸಗಳಲ್ಲಿ 2,637 ಕೆಲಸಗಳನ್ನು ಒಂದೇ ಕಾಲಿರುವವರು, 670ನ್ನು ಎರಡೂ ಕಾಲಿಲ್ಲದವರು, 715ನ್ನು ಒಂದೇ ಕೈಯಿರುವವರು, 10ನ್ನು ಅಂಧರು ಮಾಡಬಹುದಾಗಿತ್ತು. ಕಂಪ್ಯೂಟರಾಗಲಿ ಮೊಬೈಲ್ ಫೋನಾಗಲಿ ಇಲ್ಲದ ಕಾಲದ ಲೆಕ್ಕವಿದು. ಇಂದು ಅಂಧರು ಮಾಡಬಲ್ಲ ಕೆಲಸಗಳು ಹತ್ತಕ್ಕೆ ನಿಲ್ಲುವುದಿಲ್ಲ.

ನಮ್ಮ ಪರಿಸರಕ್ಕೆ ಇದನ್ನು ಅನ್ವಯಿಸೋಣ. ಒಂದು ಕಲ್ಯಾಣ ಮಂಟಪವನ್ನೇ ತೆಗೆದುಕೊಳ್ಳಿ. ದೂರವಾಣಿಯಲ್ಲಿ ಬುಕಿಂಗ್ ತೆಗೆದುಕೊಳ್ಳುವುದು, ಲೆಕ್ಕ ಬರೆಯುವುದು, ಪಾತ್ರೆ ಪರಡಿಗಳ ದಾಸ್ತಾನು ನೋಡುವುದು, ಅಲಂಕಾರ, ಅಡುಗೆಮನೆಯ ತಯಾರಿ, ವಾಹನ ನಿಲುಗಡೆ, ಹೀಗೆ ಹತ್ತಾರು ಕೆಲಸಗಳಿವೆ. ದೂರವಾಣಿ ಕೆಲಸಕ್ಕೆ ಕಣ್ಣು ಬೇಕಿಲ್ಲ. ಲೆಕ್ಕದ ಕೆಲಸಕ್ಕೆ ಓಡಾಟ ಬೇಕಿಲ್ಲ. ದಾಸ್ತಾನು, ಪ್ಯಾಕಿಂಗ್, ಮುದ್ರಣ, ಹೊಲಿಗೆ, ಆಭರಣ ಜೋಡಣೆಗಳಂತಹ ಕೆಲಸಗಳಿಗೆ ಕಿವಿ ಕೇಳಲೇಬೇಕೆಂಬ ನಿಯಮವಿಲ್ಲ. ಹೊಸೂರಿನ ಟೈಟಾನ್ ಕೈಗಡಿಯಾರ ಕಾರ್ಖಾನೆ ತನ್ನ ಆರಂಭದ ವರ್ಷಗಳಿಂದಲೇ ವಿಶೇಷಚೇತನರನ್ನು ಸೂಕ್ಷ್ಮ ಜೋಡಣೆಯ ಕೆಲಸಗಳಿಗೆ ತೆಗೆದುಕೊಂಡಿದೆ. 2006ರಲ್ಲಿ ಬೆಂಗಳೂರಿನಲ್ಲಿ ಆರಂಭವಾದ ವಿಂಧ್ಯಾ ಸಂಸ್ಥೆಯು ಗ್ರಾಹಕರ ಕರೆ ಸ್ವೀಕರಿಸುವ ಹಾಗೂ ದತ್ತಾಂಶ ಸಿದ್ಧಪಡಿಸುವ ಕೆಲಸವನ್ನು ಬಹುಪಾಲು ವಿಶೇಷಚೇತನ ನೌಕರರಿಂದಲೇ ನಡೆಸುತ್ತದೆ. ಹುಬ್ಬಳ್ಳಿಯ ಕೆಎಲ್ಇ ತಾಂತ್ರಿಕ ವಿಶ್ವವಿದ್ಯಾಲಯದ ಆವರಣದಲ್ಲಿ 2017ರಲ್ಲಿ ಪುಟ್ಟದಾಗಿ ಹುಟ್ಟಿದ ಮಿಟ್ಟಿ ಕೆಫೆ 2023ರಲ್ಲಿ ಸುಪ್ರೀಂ ಕೋರ್ಟಿನ ಆವರಣವನ್ನೇ ತಲುಪಿತು. ಅಲ್ಲಿ ಚಹಾ ತಿಂಡಿ ಕೊಡುವವರು ಬೌದ್ಧಿಕ ಹಾಗೂ ದೈಹಿಕ ವೈಕಲ್ಯವುಳ್ಳ ಯುವಜನರು. ಮಠಗಳ ಶಿಕ್ಷಣ ಸಂಸ್ಥೆಗಳ ಕ್ಯಾಂಟೀನುಗಳಿಗೆ ಈ ಮಾದರಿ ದೂರದ್ದೇನಲ್ಲ.

ಸಂದರ್ಶನದ ವಿಧಾನವೂ ಬದಲಾಗಬೇಕು. ಕಿವುಡ ಅಭ್ಯರ್ಥಿಯನ್ನು ಮಾತಿನ ಸಂದರ್ಶನದಿಂದ ಅಳೆಯುವುದು ಮೀನನ್ನು ಮರ ಹತ್ತಿಸಿ ಪರೀಕ್ಷಿಸಿದಂತೆ. ಕೆಲಸವನ್ನೇ ಕೊಟ್ಟು ಮಾಡಿಸಿ ನೋಡುವುದು ನ್ಯಾಯ. ಸಂಜ್ಞಾಭಾಷೆ ಬಲ್ಲವರನ್ನು ಆ ದಿನ ಕರೆಸಿಕೊಳ್ಳಬೇಕು. ಪ್ರಶ್ನೆಗಳನ್ನು ಬರೆದು ತೋರಿಸಬೇಕು. ಕೊನೆಗೆ "ನಿಮಗೆ ಏನಾಗಿದೆ?" ಎಂದು ಕೇಳುವ ಬದಲು "ಈ ಕೆಲಸವನ್ನು ನೀವು ಹೇಗೆ ಮಾಡುತ್ತೀರಿ, ಅದಕ್ಕೆ ನಮ್ಮಿಂದ ಏನು ಬೇಕು?" ಎಂದು ಕೇಳಬೇಕು. ಮೊದಲ ಪ್ರಶ್ನೆ ಕೊರತೆಯನ್ನು ಕೆದಕುತ್ತದೆ. ಎರಡನೆಯದು ದಾರಿಯನ್ನು ಹುಡುಕುತ್ತದೆ.

ಉಳಿಸಿಕೊಳ್ಳುವ ಹಂತ: ನಿಜವಾದ ಪರೀಕ್ಷೆ

ನೇಮಕಾತಿ ಪತ್ರ ಕೊಟ್ಟು ಹಾರ ಹಾಕಿ ಚಿತ್ರ ತೆಗೆಸಿಕೊಳ್ಳುವುದು ಸುಲಭ. ಆರು ತಿಂಗಳ ನಂತರವೂ ಆ ವ್ಯಕ್ತಿ ಅಲ್ಲಿಯೇ ಇದ್ದಾರೆಯೇ ಎಂಬುದು ನಿಜವಾದ ಪ್ರಶ್ನೆ.

ಒಂದು ಸನ್ನಿವೇಶವನ್ನು ಊಹಿಸಿಕೊಳ್ಳೋಣ. ಡಿಪ್ಲೊಮಾ ಮುಗಿಸಿದ ಕಿವುಡ ಯುವಕನೊಬ್ಬ ಕಾರ್ಖಾನೆಯೊಂದಕ್ಕೆ ಸೇರುತ್ತಾನೆ. ಕೆಲಸದಲ್ಲಿ ಚುರುಕು. ಆದರೆ ಬೆಳಗಿನ ಸಭೆಯಲ್ಲಿ ಮೇಲ್ವಿಚಾರಕರು ಹೇಳಿದ್ದು ಅವನಿಗೆ ತಿಳಿಯುವುದಿಲ್ಲ. ಪಾಳಿ ಬದಲಾದ ಸುದ್ದಿ ಎಲ್ಲರಿಗೂ ಬಾಯಿಮಾತಿನಲ್ಲಿ ಮುಟ್ಟುತ್ತದೆ, ಅವನಿಗೆ ಮುಟ್ಟುವುದಿಲ್ಲ. ಮರುದಿನ ತಪ್ಪು ಹೊತ್ತಿಗೆ ಬಂದು ಬೈಗುಳ ತಿನ್ನುತ್ತಾನೆ. ಊಟದ ಹೊತ್ತಿನಲ್ಲಿ ಎಲ್ಲರೂ ನಗುವಾಗ ತನ್ನನ್ನು ಕುರಿತೇ ನಗುತ್ತಿದ್ದಾರೆಯೇ ಎಂಬ ಶಂಕೆ. ಮೂರನೆಯ ತಿಂಗಳಿಗೆ ಅವನು ಬರುವುದು ನಿಲ್ಲಿಸುತ್ತಾನೆ. "ನೋಡಿದಿರಾ, ಇವರು ನಿಲ್ಲುವುದಿಲ್ಲ" ಎಂದು ನಾವು ತೀರ್ಪು ಕೊಡುತ್ತೇವೆ. ಅವನನ್ನು ನಿಲ್ಲದಂತೆ ಮಾಡಿದ್ದು ನಮ್ಮ ಮೌನವೆಂಬುದು ನಮಗೆ ಹೊಳೆಯುವುದಿಲ್ಲ.

ಇದಕ್ಕೆ ಬೇಕಾಗಿದ್ದ ಪರಿಹಾರವಾದರೂ ಏನು? ಗೋಡೆಯ ಮೇಲೊಂದು ಕರಿಹಲಗೆ. ದಿನದ ಸೂಚನೆಗಳನ್ನು ಅದರಲ್ಲಿ ಬರೆಯುವುದು. ಪಾಳಿಯ ಬದಲಾವಣೆಯನ್ನು ಮೊಬೈಲಿನಲ್ಲಿ ಸಂದೇಶವಾಗಿ ಕಳುಹಿಸುವುದು. ಜೊತೆ ಕೆಲಸಗಾರರಿಗೆ ಐವತ್ತು ಅರವತ್ತು ಸಂಜ್ಞೆಗಳನ್ನು ಕಲಿಸುವುದು. ಭಾರತೀಯ ಸಂಜ್ಞಾಭಾಷಾ ಸಂಶೋಧನೆ ಮತ್ತು ತರಬೇತಿ ಕೇಂದ್ರವು 10,000 ಪದಗಳ ಸಂಜ್ಞಾ ನಿಘಂಟನ್ನು ಸಿದ್ಧಪಡಿಸಿದೆ. ಅಪಾಯದ ಗಂಟೆಯ ಜೊತೆಗೆ ಕೆಂಪು ದೀಪವೊಂದು ಮಿನುಗುವಂತೆ ಮಾಡುವುದು.

ದೃಷ್ಟಿದೋಷವುಳ್ಳವರಿಗೆ ಕಂಪ್ಯೂಟರ್ ಪರದೆಯನ್ನು ಓದಿ ಹೇಳುವ ತಂತ್ರಾಂಶ ಬೇಕು. ಆಸ್ಟ್ರೇಲಿಯಾದ ಇಬ್ಬರು ಅಂಧ ಯುವಕರು ರೂಪಿಸಿದ ಎನ್‌ವಿಡಿಎ ಎಂಬ ತಂತ್ರಾಂಶ ಉಚಿತವಾಗಿ ದೊರೆಯುತ್ತದೆ, ಕನ್ನಡವನ್ನೂ ಓದುತ್ತದೆ. ಮೇಜು ಕುರ್ಚಿಗಳನ್ನು ಪದೇ ಪದೇ ಸ್ಥಳಾಂತರಿಸದಿರುವುದು, ದಾರಿಯಲ್ಲಿ ಪೆಟ್ಟಿಗೆಗಳನ್ನು ಇಡದಿರುವುದು ಇವಕ್ಕೆ ಖರ್ಚೇ ಇಲ್ಲ. ಗಾಲಿಕುರ್ಚಿ ಬಳಸುವವರಿಗೆ ಮೆಟ್ಟಿಲಿನ ಪಕ್ಕದಲ್ಲಿ ಒಂದು ಅಡಿ ಎತ್ತರಕ್ಕೆ ಹನ್ನೆರಡು ಅಡಿ ಉದ್ದದ ಇಳಿಜಾರು, ಬಾಗಿಲು ಅಗಲವಾಗಿರುವ, ಹಿಡಿಕೆಯುಳ್ಳ ಶೌಚಾಲಯ ಬೇಕು. ಇದಕ್ಕೆ ಒಂದಿಷ್ಟು ಖರ್ಚಾಗುತ್ತದೆ. ಆದರೆ ಅದೇ ಇಳಿಜಾರು ನಮ್ಮ ವೃದ್ಧ ತಂದೆತಾಯಿಗಳಿಗೂ ಗರ್ಭಿಣಿಯರಿಗೂ ಸಾಮಾನು ತಳ್ಳುವವರಿಗೂ ಉಪಕಾರಿ. ಅಮೆರಿಕದಲ್ಲಿ ಉದ್ಯೋಗದಾತರನ್ನು ಕೇಳಿ ನಡೆಸಿದ ಸಮೀಕ್ಷೆಗಳಲ್ಲಿ ಇಂತಹ ಹೊಂದಾಣಿಕೆಗಳಲ್ಲಿ ಸುಮಾರು ಅರ್ಧದಷ್ಟಕ್ಕೆ ಯಾವ ಖರ್ಚೂ ಆಗಿಲ್ಲವೆಂದು ಕಂಡುಬಂದಿದೆ.

ಬೌದ್ಧಿಕ ವೈಕಲ್ಯ ಅಥವಾ ಆಟಿಸಂ ಉಳ್ಳವರಿಗೆ ಕೆಲಸವನ್ನು ಸಣ್ಣ ಸಣ್ಣ ಹಂತಗಳಾಗಿ ಬಿಡಿಸಿ, ಚಿತ್ರಗಳ ಮೂಲಕ ಅನುಕ್ರಮವಾಗಿ ತೋರಿಸಬೇಕು. ಒಂದೇ ಬಗೆಯ ದಿನಚರಿ ಅವರಿಗೆ ನೆಮ್ಮದಿ. ಮಾನಸಿಕ ಅಸ್ವಸ್ಥತೆಯಿಂದ ಚೇತರಿಸಿಕೊಂಡವರಿಗೆ ವೈದ್ಯರ ಭೇಟಿಗೆ ಬಿಡುವು ಮತ್ತು ಗೋಪ್ಯತೆ ಮುಖ್ಯ. ಎಲ್ಲರಿಗೂ ಒಂದೇ ಅಳತೆಯ ಅಂಗಿ ಹೊಲಿಸಲಾಗದು. ಕೇಳಿ ತಿಳಿದು ಮಾಡಬೇಕು.

ಇನ್ನೊಂದು ಮಾತು. ಹತ್ತು ವರ್ಷ ದುಡಿದ ಅಂಧ ನೌಕರ ಇನ್ನೂ ದೂರವಾಣಿಯ ಮುಂದೆಯೇ ಕುಳಿತಿದ್ದು, ಅವರ ಜೊತೆ ಸೇರಿದವರೆಲ್ಲ ವ್ಯವಸ್ಥಾಪಕರಾಗಿದ್ದರೆ ಅದನ್ನು ಸಮಾನ ಅವಕಾಶವೆನ್ನಲಾಗದು. ಬಡ್ತಿ, ತರಬೇತಿ, ಪ್ರವಾಸ, ವಾರ್ಷಿಕೋತ್ಸವದ ವೇದಿಕೆ ಎಲ್ಲದರಲ್ಲಿಯೂ ಅವರಿಗೆ ಪಾಲಿರಬೇಕು. ಕಡಿಮೆ ಸಂಬಳಕ್ಕೆ ಸಿಗುತ್ತಾರೆಂದು ತೆಗೆದುಕೊಳ್ಳುವುದಂತೂ ಶರಣತತ್ತ್ವಕ್ಕೆ ಸಲ್ಲದು. ಬೇರೆಯವರ ಬೆವರಿನ ಪಾಲನ್ನು ಇಟ್ಟುಕೊಂಡು ಮಾಡಿದ ದಾಸೋಹವನ್ನು ಲಕ್ಕಮ್ಮ ಒಪ್ಪುತ್ತಿದ್ದಳೇ?

ನಮ್ಮವರೇ ಆದಾಗ

ವೈಕಲ್ಯವೆಂಬುದು ಯಾರೋ ಕೆಲವರ ಹಣೆಬರಹವೆಂದು ಭಾವಿಸುವುದು ಭ್ರಮೆ. ಬೈಕಿನಲ್ಲಿ ಹೋಗುವಾಗ ಒಂದು ಅಪಘಾತ, ಸಕ್ಕರೆ ಕಾಯಿಲೆಯಿಂದ ಮಂಜಾಗುವ ಕಣ್ಣು, ಪಾರ್ಶ್ವವಾಯು, ಯಂತ್ರಕ್ಕೆ ಸಿಕ್ಕ ಕೈ ಇವು ಯಾರ ಮನೆಗೂ ಹೇಳಿ ಬರುವುದಿಲ್ಲ. ಇಪ್ಪತ್ತು ವರ್ಷ ನಮ್ಮ ಸಂಸ್ಥೆಗೆ ದುಡಿದ ಚಾಲಕರು ಕಾಲು ಕಳೆದುಕೊಂಡರೆ, ಒಂದಿಷ್ಟು ಪರಿಹಾರ ಕೊಟ್ಟು ಶಾಲು ಹೊದಿಸಿ ಕಳುಹಿಸುವುದು ನಮ್ಮಲ್ಲಿ ಕಂಡುಬರುವ ರೂಢಿ. ಅವರು ವಾಹನಗಳ ವೇಳಾಪಟ್ಟಿ, ಡೀಸೆಲ್ ಲೆಕ್ಕ, ಹೊಸ ಚಾಲಕರ ತರಬೇತಿ ನೋಡಿಕೊಳ್ಳಬಲ್ಲರು. ಅವರ ಇಪ್ಪತ್ತು ವರ್ಷಗಳ ಅನುಭವ ಕಾಲಿನೊಡನೆ ಹೋಗಲಿಲ್ಲವಲ್ಲ! ಖಾಸಗಿ ಸಂಸ್ಥೆಗಳನ್ನು ಕಾನೂನು ಈ ವಿಷಯದಲ್ಲಿ ಸರ್ಕಾರಿ ಸಂಸ್ಥೆಗಳಷ್ಟು ಕಟ್ಟಿಹಾಕಿಲ್ಲದಿದ್ದರೂ ಆತ್ಮಸಾಕ್ಷಿ ಕಟ್ಟಿಹಾಕುತ್ತದೆ.

ಕೆಲವು ಆತಂಕಗಳು

ಉದ್ದಿಮೆದಾರ ಭಕ್ತರ ಆತಂಕಗಳನ್ನು ನಾವು ತಳ್ಳಿಹಾಕುವುದಿಲ್ಲ. "ಅಪಘಾತವಾದರೆ ಯಾರು ಹೊಣೆ?" ಎಂಬ ಪ್ರಶ್ನೆ ಸಹಜವಾದದ್ದು. ಸುರಕ್ಷತೆಯ ವ್ಯವಸ್ಥೆ ಎಲ್ಲ ನೌಕರರಿಗೂ ಬೇಕಾದದ್ದು. ಕಿವುಡರಿಗೆಂದು ಹಾಕಿದ ದೀಪ, ಯಂತ್ರದ ಗದ್ದಲದಲ್ಲಿ ಗಂಟೆ ಕೇಳದ ಉಳಿದವರನ್ನೂ ಕಾಯುತ್ತದೆ. ಇಎಸ್ಐ ವಿಮೆಯ ವೇತನ ಮಿತಿ ಸಾಮಾನ್ಯರಿಗೆ 21,000 ರೂಪಾಯಿ ಇದ್ದರೆ ವಿಶೇಷಚೇತನರಿಗೆ 25,000 ರೂಪಾಯಿ ಇದೆ. "ಗ್ರಾಹಕರು ಏನೆಂದುಕೊಳ್ಳುತ್ತಾರೋ?" ಎಂಬುದು ಇನ್ನೊಂದು ಅಳುಕು. ಗ್ರಾಹಕರು ನಮ್ಮನ್ನು ನೋಡಿ ಕಲಿಯುತ್ತಾರೆ. ನಾವು ಗೌರವದಿಂದ ಕಂಡವರನ್ನು ಅವರೂ ಗೌರವಿಸುತ್ತಾರೆ.

ಕೆಲವು ಬಾರಿ ತಡೆ ಮನೆಯೊಳಗೇ ಇರುತ್ತದೆ. "ನನ್ನ ಮಗಳು ಒಬ್ಬಳೇ ಬಸ್ಸಿನಲ್ಲಿ ಹೇಗೆ ಹೋದಾಳು?" ಎಂದು ತಾಯಿ ಹೆದರುತ್ತಾಳೆ. ಆ ಹೆದರಿಕೆಯ ಬೇರು ಪ್ರೀತಿಯಲ್ಲಿದೆ. ಆದರೂ ಮುಚ್ಚಿದ ಬಾಗಿಲೊಳಗಿನ ಪ್ರೀತಿ ಕ್ರಮೇಣ ಬಂಧನವಾಗುತ್ತದೆ. ಮೊದಲ ತಿಂಗಳು ಜೊತೆಗೆ ಹೋಗಿ ಬಂದು, ಎರಡನೆಯ ತಿಂಗಳು ನಿಲ್ದಾಣದವರೆಗೆ ಹೋಗಿ, ಮೂರನೆಯ ತಿಂಗಳು ಬಾಗಿಲಲ್ಲಿ ನಿಂತು ಬೀಳ್ಕೊಡುವುದನ್ನು ತಂದೆತಾಯಿಗಳೂ ಅಭ್ಯಾಸ ಮಾಡಿಕೊಳ್ಳಬೇಕು.

ಸಂಕಲ್ಪಕ್ಕೆ ಕೆಲವು ಹೆಜ್ಜೆಗಳು

ನಮ್ಮ ಸಂಸ್ಥೆಯ ಎಲ್ಲ ಕೆಲಸಗಳ ಪಟ್ಟಿ ಮಾಡಿ, ಪ್ರತಿಯೊಂದಕ್ಕೂ ನಿಜವಾಗಿ ಬೇಕಾದ ಸಾಮರ್ಥ್ಯವೇನೆಂದು ಬರೆಯೋಣ. ಸಮಾನ ಅವಕಾಶ ನೀತಿಯನ್ನು ಕನ್ನಡದಲ್ಲಿಯೇ ಬರೆದು ಕಚೇರಿಯ ಗೋಡೆಗೆ ಹಾಕೋಣ. ಈ ವರ್ಷ ಒಬ್ಬರನ್ನಾದರೂ, ಸಾಧ್ಯವಾದರೆ ಇಬ್ಬರನ್ನು ಒಟ್ಟಿಗೆ ತೆಗೆದುಕೊಳ್ಳೋಣ. ಒಬ್ಬಂಟಿತನ ನೀಗಿದರೆ ಉಳಿಯುವ ಸಂಭವ ಹೆಚ್ಚು. ಹೊಸದಾಗಿ ಬಂದವರಿಗೆ ಅನುಭವಿ ನೌಕರರೊಬ್ಬರನ್ನು ಜೊತೆಗಾರರನ್ನಾಗಿ ನೇಮಿಸೋಣ. ಮೊದಲ ವಾರ, ಮೊದಲ ತಿಂಗಳು, ಮೂರನೆಯ ತಿಂಗಳು ಅವರೊಡನೆ ಕುಳಿತು "ಏನು ತೊಡಕಾಗಿದೆ?" ಎಂದು ಕೇಳೋಣ. ಕೆಲಸ ಬಿಟ್ಟು ಹೋದವರಿದ್ದರೆ ಕಾರಣವನ್ನು ಅವರ ಬಾಯಿಂದಲೇ ತಿಳಿದು ತಿದ್ದಿಕೊಳ್ಳೋಣ.

ಅಭ್ಯರ್ಥಿಗಳು ಬೇಕಾದವರು ಮೈಸೂರಿನ ವಿಶೇಷಚೇತನರ ಪಾಲಿಟೆಕ್ನಿಕ್ಕನ್ನೂ, ಜಿಲ್ಲೆಯ ವಿಕಲಚೇತನರ ಹಾಗೂ ಹಿರಿಯ ನಾಗರಿಕರ ಸಬಲೀಕರಣ ಇಲಾಖೆಯ ಕಚೇರಿಯನ್ನೂ ಸಂಪರ್ಕಿಸಬಹುದು. ಹಳ್ಳಿಗಳಲ್ಲಿ ಗ್ರಾಮ ಪಂಚಾಯಿತಿ ಮಟ್ಟದ ಗ್ರಾಮೀಣ ಪುನರ್ವಸತಿ ಕಾರ್ಯಕರ್ತರು, ತಾಲ್ಲೂಕು ಮಟ್ಟದಲ್ಲಿ ವಿವಿಧೋದ್ದೇಶ ಪುನರ್ವಸತಿ ಕಾರ್ಯಕರ್ತರು ಇದ್ದಾರೆ. ಅವರಿಗೆ ಮನೆಮನೆಯ ಪರಿಚಯವಿರುತ್ತದೆ. ವೈಕಲ್ಯದ ಗುರುತಿನ ಚೀಟಿ ಇಲ್ಲದವರಿಗೆ ಅದನ್ನು ಮಾಡಿಸಿಕೊಡಲು ನಮ್ಮ ಯುವಕರು ಒಂದು ಭಾನುವಾರವನ್ನು ಮೀಸಲಿಟ್ಟರೂ ದೊಡ್ಡ ಸೇವೆಯಾದೀತು.

ಅಂಧ ಮಕ್ಕಳ ಶಾಲೆಯಲ್ಲಿ ಸಿಹಿಯೂಟ ಬಡಿಸುವ ರೂಢಿ ಮುಂದುವರಿಯಲಿ. ಆದರೆ ಮುಂದಿನ ಸಲ ಊಟ ಬಡಿಸಿ ಹೊರಡುವ ಮುನ್ನ ಮುಖ್ಯೋಪಾಧ್ಯಾಯರನ್ನು ಒಂದು ಮಾತು ಕೇಳೋಣ: "ಈ ವರ್ಷ ಓದು ಮುಗಿಸುವವರು ಯಾರಿದ್ದಾರೆ, ಅವರಿಗೆ ಏನು ಬರುತ್ತದೆ?" ಇಂದು ನಮ್ಮಿಂದ ಬಡಿಸಿಕೊಂಡ ಮಗು ಹತ್ತು ವರ್ಷಗಳ ನಂತರ ತನ್ನ ದುಡಿಮೆಯ ಹಣದಿಂದ ಮಠದ ದಾಸೋಹಕ್ಕೆ ಅಕ್ಕಿ ತಂದು, ನಮ್ಮ ಪಕ್ಕದಲ್ಲಿಯೇ ನಿಂತು ಬಡಿಸುವಂತಾಗಲಿ. ಆ ದಿನ ನಮ್ಮ ಪಂಕ್ತಿ ಪೂರ್ಣವಾಗುತ್ತದೆ.